ಮೊದಲ ಡಿಎಸ್‌ಎಲ್‌ಆರ್: ಬಾಡಿ ನೋಡೋ ಮೊದಲು ಬೆಳಕು ನೋಡಿ

ಮುಳ್ಳಯ್ಯನಗಿರಿ ಹತ್ತಿ ಬಂದವರು, ದೇವರಮನೆಯ ಮಂಜಿನಲ್ಲಿ ನಿಂತು ಬಂದವರು ಸೋಮವಾರ ಆಫೀಸಿನಲ್ಲಿ ಕೇಳುವ ಪ್ರಶ್ನೆ ಒಂದೇ: "ಫೋನ್ ಸಾಕಾಗ್ತಿಲ್ಲ, ಯಾವ ಕ್ಯಾಮೆರಾ ತಗೊಳ್ಳಲಿ?" ಕಳಸದ ಕಡೆಯವಳಾದ ನನಗೆ ಊರಿಗೆ ಹೋದಾಗಲೂ ಇದೇ ಪ್ರಶ್ನೆ. ನಾನು ವಾಪಸ್ ಕೇಳೋದು ಎರಡೇ. ಏನು ತೆಗೀಬೇಕು? ಎಂಥಾ ಬೆಳಕಲ್ಲಿ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಖರೀದಿ ಮುಗಿದ ಹಾಗೆ.

ಈಗಲೂ ಡಿಎಸ್‌ಎಲ್‌ಆರ್ ಯಾಕೆ?

ಕ್ಯಾನನ್, ನಿಕಾನ್ ಎರಡೂ ಈಗ ಮಿರರ್‌ಲೆಸ್ ಕಡೆ ತಿರುಗಿವೆ. ಅದರಿಂದ ನಮಗೆ ಲಾಭವೂ ಇದೆ. ಒಳ್ಳೆಯ ಡಿಎಸ್‌ಎಲ್‌ಆರ್‌ಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತಿವೆ. ನಿಕಾನ್‌ನ ಎಫ್ ಮೌಂಟ್ ಶುರುವಾಗಿದ್ದು 1959ರಲ್ಲಿ, ಕ್ಯಾನನ್‌ನ ಇಎಫ್ ಮೌಂಟ್ 1987ರಲ್ಲಿ. ಹಾಗಾಗಿ ಲೆನ್ಸ್‌ಗಳಿಗೆ ಬರವಿಲ್ಲ. ಮುಂದೆ ಮಿರರ್‌ಲೆಸ್‌ಗೆ ಹೋದರೂ ಅಡಾಪ್ಟರ್ ಹಾಕಿ ಅವುಗಳಲ್ಲಿ ಬಹಳಷ್ಟನ್ನು ಬಳಸಬಹುದು. ಇನ್ನೊಂದು, ಬ್ಯಾಟರಿ. ನಿಕಾನ್ ಡಿ 3500ಕ್ಕೆ ಕಂಪನಿ ಕೊಡುವ ಲೆಕ್ಕ ಒಂದು ಚಾರ್ಜಿಗೆ 1,550 ಫೋಟೋ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಊರಿನವರಿಗೆ ಇದು ಸಣ್ಣ ವಿಷಯ ಅಲ್ಲ. ಆದರೆ ವಿಡಿಯೋನೇ ನಿಮ್ಮ ಮುಖ್ಯ ಕೆಲಸವಾದರೆ ಮಿರರ್‌ಲೆಸ್ಸೇ ತಗೊಳ್ಳಿ.

ದುಡ್ಡು ಲೆನ್ಸಿಗೆ ಹಾಕಿ

ಬಾಡಿ ಜೊತೆ ಬರುವ 18–55 ಮಿ.ಮೀ. ಕಿಟ್ ಲೆನ್ಸನ್ನು ಹಗುರವಾಗಿ ನೋಡಬೇಡಿ. ಗುಡ್ಡದ ಸಾಲು, ಹೂಮಳೆ ಬಿದ್ದ ಮೇಲೆ ಬೆಳ್ಳಗಾಗುವ ಕಾಫಿ ತೋಟ, ಕಣದಲ್ಲಿ ಒಣಗುವ ಹಣ್ಣು, ಎಲ್ಲದಕ್ಕೂ ಅದು ಸಾಕು. ಅದು ಸೋಲೋದು ಬೆಳಕು ಕಮ್ಮಿ ಇರುವಲ್ಲಿ, ಅಂದರೆ ಸಿಲ್ವರ್ ಓಕಿನ ನೆರಳಲ್ಲಿ, ಹಳೇ ಮನೆಗಳ ಒಳಗೆ.

ಚಿಕ್ಕಪ್ಪನ ಮಗನ ಕಥೆ ಹೇಳ್ತೀನಿ. ಮೊದಲ ಕೆಲಸ, ಕೈಯಲ್ಲಿ ನಲವತ್ತು ಸಾವಿರ. ಎರಡು ಜೂಮ್ ಲೆನ್ಸಿರುವ ಹೊಸ ಸೆಟ್ಟನ್ನು ಇಎಂಐಗೆ ತಗೊಳ್ಳೋ ಯೋಚನೆಯಲ್ಲಿದ್ದ. "ಏನು ತೆಗಿಯೋಕೋ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಅಕ್ಕಾ, ಈ ಸಲ ಕೊಯ್ಲು ಮುಗಿದ ಮೇಲೆ ಮನೆ ಪಾಲಾಗುತ್ತಲ್ಲ. ಅಷ್ಟರಲ್ಲಿ ಅಜ್ಜಿನ ಆ ಅಡುಗೆಮನೆಯಲ್ಲೇ ತೆಗೀಬೇಕು."

ಆ ಅಡುಗೆಮನೆಗೆ ಇರೋದು ಒಂದು ಗವಾಕ್ಷಿ, ಒಂದು ಒಲೆ. ಕಿಟ್ ಲೆನ್ಸ್ 35 ಮಿ.ಮೀ. ಹತ್ತಿರ ಎಫ್ 4.5ರಷ್ಟೇ ತೆರೆಯುತ್ತೆ. 35 ಮಿ.ಮೀ. ಎಫ್ 1.8 ಪ್ರೈಮ್ ಲೆನ್ಸ್ ಅದಕ್ಕಿಂತ ಸುಮಾರು 6 ಪಟ್ಟು ಬೆಳಕು ಒಳಗೆ ಬಿಡುತ್ತೆ. ಅಂದರೆ 1/10 ಸೆಕೆಂಡ್ ಬೇಕಿದ್ದ ಕಡೆ 1/60 ಸಾಕು. ಮೊದಲನೆಯದರಲ್ಲಿ ಅಜ್ಜಿಯ ಕೈ ಮಸುಕಾಗುತ್ತೆ, ಎರಡನೆಯದರಲ್ಲಿ ಬಳೆಯೂ ಕಾಣುತ್ತೆ. ಬಳಸಿದ ಡಿ 5600 ಬಾಡಿ, ಈ ಒಂದು ಲೆನ್ಸ್, ಇಷ್ಟೇ ತಗೊಂಡ. ಇಎಂಐ ಬೇಕಾಗಲಿಲ್ಲ.

ಒಂದು ಎಚ್ಚರಿಕೆ: ಎಫ್ 1.8ರಲ್ಲಿ ಕಣ್ಣು ಸ್ಪಷ್ಟ ಇದ್ದರೆ ಕಿವಿ ಮಸುಕಾಗಬಹುದು. ಮನೆಯವರೆಲ್ಲ ಸೇರಿದ ಗ್ರೂಪ್ ಫೋಟೋಗೆ ಎಫ್ 4 ದಾಟಿ ಇಡಿ. ಕ್ಯಾನನ್‌ನವರಿಗೆ 50 ಮಿ.ಮೀ. ಎಫ್ 1.8 ಅಗ್ಗ, ಆದರೆ ಸಣ್ಣ ಸೆನ್ಸರಿನ ಬಾಡಿಯಲ್ಲಿ ಅದು 80 ಮಿ.ಮೀ.ನಂತೆ ಕಾಣುತ್ತೆ. ಇಕ್ಕಟ್ಟಾದ ಕೋಣೆಯಲ್ಲಿ ಹಿಂದೆ ಸರಿಯಲು ಜಾಗ ಬೇಕು.

ಹಕ್ಕಿ ಹುಚ್ಚಿನವರಿಗೆ

ಮೂಡಿಗೆರೆ ಅಂದರೆ ಪೂರ್ಣಚಂದ್ರ ತೇಜಸ್ವಿ ನೆನಪಾಗದೇ ಇರಲ್ಲ. ಇಲ್ಲಿನ ಹಕ್ಕಿಗಳನ್ನು ಅವರು ರೋಲಿಗೆ 36 ಫೋಟೋ ಬರುತ್ತಿದ್ದ ಫಿಲ್ಮ್ ಕಾಲದಲ್ಲೇ ಸೆರೆಹಿಡಿದವರು. ನಮಗೆ ಕ್ಲಿಕ್ಕಿನ ಲೆಕ್ಕವಿಲ್ಲ, ತಾಳ್ಮೆ ಮಾತ್ರ ಅಷ್ಟೇ ಬೇಕು. ಶುರುವಿಗೆ 70–300 ಅಥವಾ 55–250 ಮಿ.ಮೀ. ಸಾಕು. ಪೂರ್ತಿ ಜೂಮ್‌ನಲ್ಲಿ ಶಟರ್ ಸ್ಪೀಡ್ 1/500ಕ್ಕಿಂತ ಕೆಳಗಿಳಿಸಬೇಡಿ. ಕೈ ನಡುಕವನ್ನು ಲೆನ್ಸಿನ ಸ್ಟೆಬಿಲೈಸೇಶನ್ ತಡೆಯುತ್ತೆ, ಮಂಗಟ್ಟೆ ಹಾರೋದನ್ನಲ್ಲ! ದಟ್ಟ ನೆರಳಿಗಿಂತ, ಬೆಳಗಿನ ಬಿಸಿಲು ಬೀಳುವ ಹಣ್ಣಾದ ಅತ್ತಿಮರದ ಬುಡ ಒಳ್ಳೆಯ ಜಾಗ.

ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ

• ಶಟರ್ ಕೌಂಟ್ ಕೇಳಿ. ಡಿ 5600ರ ಶಟರನ್ನು ಕಂಪನಿ 1 ಲಕ್ಷ ಕ್ಲಿಕ್ಕಿಗೆ ಪರೀಕ್ಷಿಸಿದೆ.

• ಮೊಬೈಲ್ ಟಾರ್ಚನ್ನು ಲೆನ್ಸಿನ ಹಿಂದಿನಿಂದ ಬಿಟ್ಟು ನೋಡಿ. ಒಳಗೆ ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್. ಎಷ್ಟೇ ಕಮ್ಮಿಗೆ ಕೊಟ್ಟರೂ ಬೇಡ.

• ನಿಕಾನ್ ಡಿ 3000, ಡಿ 5000 ಸರಣಿಯ ಬಾಡಿಗಳ ಒಳಗೆ ಫೋಕಸ್ ಮೋಟರ್ ಇಲ್ಲ. ಹೆಸರಲ್ಲಿ 'ಎಎಫ್-ಎಸ್' ಅಥವಾ 'ಎಎಫ್-ಪಿ' ಇರುವ ಲೆನ್ಸೇ ನೋಡಿ. ಡಿ 3100, ಡಿ 5100, ಡಿ 90ರಂಥ ಹಳೇ ಬಾಡಿಗೆ 'ಎಎಫ್-ಪಿ' ಕೂಡ ಆಗಲ್ಲ.

ಮಳೆಗಾಲ ದಾಟಿಸೋದು ಹೇಗೆ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮದ ಚಪ್ಪಲಿಗೇ ಬೂಸ್ಟು ಹಿಡಿಯುವ ಊರು ನಮ್ಮದು. ಕ್ಯಾಮೆರಾನ ಬ್ಯಾಗಲ್ಲಿಟ್ಟು ಬೀರುವಿಗೆ ಸೇರಿಸಿದರೆ ಲೆನ್ಸಿನ ಗಾಜಿಗೂ ಅದೇ ಗತಿ. ದೊಡ್ಡ ಖರ್ಚೇನೂ ಬೇಡ. ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಂದಿಷ್ಟು ಸಿಲಿಕಾ ಜೆಲ್, ತೇವಾಂಶ ತೋರಿಸುವ ಸಣ್ಣ ಮೀಟರ್ ಸಾಕು. ಮೀಟರ್ 40ರಿಂದ 50 ಶೇಕಡಾ ತೋರಿಸಲಿ. ನೀಲಿ ಜೆಲ್ ಗುಲಾಬಿಯಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಅಕ್ಕಿಯಲ್ಲಿ ಮಾತ್ರ ಹೂತಿಡಬೇಡಿ, ಧೂಳು ಒಳಗೆ ಹೋಗುತ್ತೆ.

ಕಾಫಿ ಬೀಜದ ತೇವ ಅಳೆದೇ ಮೂಟೆ ಕಟ್ಟುವವರಿಗೆ ಇದೇನು ಹೊಸ ವಿದ್ಯೆಯಲ್ಲ. ಕ್ಯಾಮೆರಾ ಬಜೆಟ್ಟಿನಲ್ಲಿ ಡಬ್ಬದ ದುಡ್ಡನ್ನೂ ಮೊದಲೇ ಎತ್ತಿಟ್ಟುಕೊಳ್ಳಿ. ಬಿಸಿಲು ಬಿದ್ದ ದಿನ ಕ್ಯಾಮೆರಾ ಹೊರಗೆ ತೆಗೆದು ಹತ್ತು ಫೋಟೋ ಹೊಡೀರಿ, ಅದಕ್ಕೂ ಒಳ್ಳೇದು, ನಿಮಗೂ ಒಳ್ಳೇದು.