ಶೆಟ್ಟಿಹಳ್ಳಿಯ ಇಗರ್ಜಿ

ಯುರೋಪಿನ ನಗರಗಳನ್ನು ನೋಡಿಬಂದವರು ಅಲ್ಲಿನ ಪಾಳು ಇಗರ್ಜಿಗಳ ಮಾತನ್ನು ಆಡದೆ ಬಿಡುವುದಿಲ್ಲ. ಇಂಗ್ಲೆಂಡಿನ ಕವೆಂಟ್ರಿಯಲ್ಲಿ 1940ರ ನವೆಂಬರಿನಲ್ಲಿ ಬಾಂಬಿಗೆ ತುತ್ತಾದ ಪ್ರಧಾನ ಇಗರ್ಜಿಯ ಗೋಡೆಗಳನ್ನು ಕೆಡವದೆ ಉಳಿಸಿ, ಮಗ್ಗುಲಲ್ಲೇ ಹೊಸದನ್ನು ಕಟ್ಟಿ 1962ರಲ್ಲಿ ಪ್ರತಿಷ್ಠೆ ಮಾಡಿದರು. ಅಷ್ಟು ದೂರ ಹೋಗಲಾರದ ತಾಳವಾಡಿಯ ನಾವು, ಕಳೆದ ಬೇಸಿಗೆಯಲ್ಲಿ ಚಾಮರಾಜನಗರ, ಮೈಸೂರುಗಳ ಮಾರ್ಗವಾಗಿ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಗೆ ಹೊರಟೆವು.

ಹೇಮಾವತಿಯ ದಂಡೆಯ ಈ ಇಗರ್ಜಿಯನ್ನು ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದರು. ಗೊರೂರಿನ ಬಳಿ 1979ರಲ್ಲಿ ಅಣೆಕಟ್ಟು ಪೂರ್ಣಗೊಂಡ ಮೇಲೆ ಊರು ಬರಿದಾಯಿತು. ಇಗರ್ಜಿ ಮಾತ್ರ ನಿಂತಿತು. ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಮತ್ತೆ ನೆಲಕ್ಕೆ ಬರುತ್ತದೆ. ಒಳಗೆ ನಡೆದು ನೋಡಬಯಸುವವರು ಬೇಸಿಗೆಯಲ್ಲೇ ಹೋಗಬೇಕು.

ಒಡೆದ ಕೆಸರಿನ ಮೇಲೆ ಹೆಜ್ಜೆಯಿಟ್ಟು ಒಳಹೊಕ್ಕೆವು. ಛಾವಣಿ ಇಲ್ಲ. ತುದಿ ಮೊನಚಾದ ಗೋಥಿಕ್ ಕಮಾನುಗಳ ನಡುವೆ ಆಕಾಶ. ಗಾರೆ ಉದುರಿದೆಡೆಯಲ್ಲೆಲ್ಲ ಇಟ್ಟಿಗೆ ಕೆಂಪಗೆ ಕಾಣುತ್ತದೆ. ಕೈಗೆಟುಕುವ ಎತ್ತರದಲ್ಲಿ ಪ್ರೇಮಿಗಳ ಹೆಸರುಗಳು. ನೀರು ಮಾಡದ ಹಾನಿಯನ್ನು ಮೊಳೆಯಿಂದ ಮಾಡಿದವರಿಗೆ ಏನೆನ್ನೋಣ! "ಇಲ್ಲಿ ಪೂಜೆ ಮಾಡುತ್ತಿದ್ದವರು ಎಲ್ಲಿ ಹೋದರಜ್ಜಿ?" ಎಂದು ನನ್ನ ಮಗಳು ಕೇಳಿದಳು.

ನನ್ನ ತಾಯಿ ತಟ್ಟನೆ ಉತ್ತರಿಸಲಿಲ್ಲ. ಬಳಿಕ, "ನಮ್ಮ ದಣ್ಣಾಯಕನಕೋಟೆಯವರು ಹೋದ ಹಾಗೆಯೇ ಹೋದರಮ್ಮ" ಎಂದರು.

ದಿಂಬಂ ಘಾಟಿಯ ಕೆಳಗೆ, ಮೋಯಾರ್ ಭವಾನಿಯನ್ನು ಸೇರುವೆಡೆಯ ಸೀಮೆಯಲ್ಲಿ, ಹೊಯ್ಸಳರ ದಣ್ಣಾಯಕರ ಹೆಸರಿನ ಆ ಕೋಟೆ ಇತ್ತು. ಭವಾನಿಸಾಗರ 1955ರಲ್ಲಿ ಸಿದ್ಧವಾದಾಗ ಕೋಟೆಯೂ ಅಲ್ಲಿನ ಮಾಧವ ಪೆರುಮಾಳ್ ದೇವಾಲಯವೂ ನೀರಿನ ಪಾಲಾದವು. ನೀರು ಬಹಳ ಇಳಿದ ವರ್ಷಗಳಲ್ಲಿ ಗುಡಿಯ ಕಲ್ಲುಗಳು ತಲೆಯೆತ್ತುತ್ತವೆ. ತಾಯಿಯ ಸೋದರಮಾವನ ಹೊಲ ಅಲ್ಲೇ ಇತ್ತಂತೆ. ನಾನು ಕೇಳಿದ್ದು ಅಂದೇ ಮೊದಲು. ಆ ನೀರು ಕೆಳನಾಡಿನ ಗದ್ದೆಗಳನ್ನು ಹಸಿರಾಗಿಸಿದೆ, ನಿಜ. ಆದರೆ ಮುಳುಗಿದ ಹೊಲದವರನ್ನು ಕೇಳುವವರು ಯಾರು?

ಸೂರ್ಯ ಇಳಿಯುತ್ತಿದ್ದ. ಕುರಿಗಳ ಮಂದೆಯೊಂದು ಬಲಿಪೀಠವಿದ್ದ ಜಾಗದ ಬದಿಯಿಂದ ಹಾದುಹೋಯಿತು. ಬಸ್ಸು ಹತ್ತುವಾಗ ತಾಯಿ, "ಮುಂದಿನ ಬರಗಾಲಕ್ಕೆ ಅಲ್ಲಿಗೂ ಕರೆದುಕೊಂಡು ಹೋಗಪ್ಪ" ಎಂದರು. ಬರಗಾಲ ಬರಲೆಂದು ಹಾರೈಸುವುದು ಹೇಗೆಂದು ನನಗೆ ತಿಳಿಯಲಿಲ್ಲ.