ಮಕ್ಕಾಯಾತ್ರೆಗೆ ತಕ್ಕ ಕಾಲ



ಮಕ್ಕಾನಗರಕ್ಕೆ ಯಾವ ತಿಂಗಳಲ್ಲಿ ಹೊರಡುವುದು ಲೇಸು ಎಂಬ ಪ್ರಶ್ನೆಯು ಯಾತ್ರಾರ್ಥಿಗಳ ಮನೆಗಳಲ್ಲಿ ಏಳುವುದು ಸಹಜವೇ. ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಏಕೆಂದರೆ ಯಾತ್ರೆಯಲ್ಲಿ ಎರಡು ಬಗೆಗಳುಂಟು. ಹಜ್ ಯಾತ್ರೆಯು ಜಿಲ್‌ಹಜ್ ಮಾಸದ ನಿಯತವಾದ ದಿನಗಳಲ್ಲಿಯೇ ನಡೆಯತಕ್ಕದ್ದು. ಉಮ್ರಾ ಎಂಬ ಕಿರಿಯ ಯಾತ್ರೆಗೆ ಅಂತಹ ಕಟ್ಟಿಲ್ಲ. ಮೊದಲನೆಯದರಲ್ಲಿ ತಿಂಗಳನ್ನು ಆರಿಸುವುದು ನಮ್ಮ ಕೈಯಲ್ಲಿಲ್ಲ, ಎರಡನೆಯದರಲ್ಲಿ ಉಂಟು.

ಮಕ್ಕಾ ನಗರವು ಕೆಂಪು ಸಮುದ್ರದ ತೀರದಿಂದ ಸುಮಾರು 70 ಕಿಲೋಮೀಟರು ಒಳಗೆ, ಬೋಳುಬೆಟ್ಟಗಳ ನಡುವಣ ಕಣಿವೆಯಲ್ಲಿದೆ. ಜನವರಿಯ ಮಧ್ಯಾಹ್ನದಲ್ಲಿ ಅಲ್ಲಿನ ಉಷ್ಣತೆಯು 30 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿರುತ್ತದೆ. ಜೂನಿನಲ್ಲಿ 43ನ್ನು ಮೀರುವುದು ಸಾಮಾನ್ಯ. ಹಗಲೆಲ್ಲ ಕಾದ ಬಂಡೆಗಳು ಇರುಳಿನಲ್ಲಿಯೂ ಕಾವನ್ನು ಬಿಡುತ್ತಿರುವುದರಿಂದ ಬೇಸಗೆಯ ರಾತ್ರಿಯಲ್ಲಿಯೂ ಮೈಗೆ ವಿಶ್ರಾಂತಿಯಿಲ್ಲ.

ಹಾಗಾದರೆ ಹಜ್ ಎಂದೆಂದಿಗೂ ಬೇಸಗೆಯಲ್ಲಿಯೇ ಬರುವುದೇ? ಇಲ್ಲ. ಯುಗಾದಿಯನ್ನು ಗೊತ್ತುಮಾಡುವ ನಮ್ಮ ಪಂಚಾಂಗವೂ ಚಾಂದ್ರಮಾನದ್ದೇ. ಆದರೆ ಅಧಿಕಮಾಸವು ಅದನ್ನು ಋತುಗಳೊಡನೆ ಹೊಂದಿಸಿಡುತ್ತದೆ. ಮುಸಲ್ಮಾನರ ಪಂಚಾಂಗದಲ್ಲಿ ಅಧಿಕಮಾಸವಿಲ್ಲ. ಆದಕಾರಣ ಹಜ್ಜಿನ ದಿನಗಳು ವರ್ಷಕ್ಕೆ ಸುಮಾರು 11 ದಿನಗಳಷ್ಟು ಹಿಂದೆ ಸರಿಯುತ್ತ, ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತವೆ. 2024ರಲ್ಲಿ ಜೂನ್ ಮಧ್ಯದಲ್ಲಿದ್ದ ಹಜ್ 2030ರಲ್ಲಿ ಏಪ್ರಿಲಿಗೂ, 2038ರ ಹೊತ್ತಿಗೆ ಜನವರಿಗೂ ಬರುವುದು.

ಆ 2024ರ ಹಜ್ಜಿನಲ್ಲಿ ಪವಿತ್ರ ಮಸೀದಿಯ ಬಳಿ ಉಷ್ಣತೆಯು 51.8 ಡಿಗ್ರಿಗೆ ಏರಿತು. 1,301 ಮಂದಿ ಪ್ರಾಣ ಬಿಟ್ಟರೆಂದು ಅಲ್ಲಿನ ಸರ್ಕಾರವೇ ಪ್ರಕಟಿಸಿತು. ಅವರಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತಲೂ ಹೆಚ್ಚಿನವರು ಅನುಮತಿಪತ್ರವಿಲ್ಲದೆ ಬಂದವರು. ತಂಗಲು ಡೇರೆಯಿಲ್ಲದೆ ಉರಿಬಿಸಿಲಿನಲ್ಲಿ ಬಹುದೂರ ನಡೆದವರು. ಹಣದ ಉಳಿತಾಯಕ್ಕಾಗಿ ಅಡ್ಡದಾರಿ ಹಿಡಿಯಬೇಕೆನ್ನುವವರು ಇದನ್ನು ನೆನೆಯಬೇಕು.

ಉಮ್ರಾ ಮಾಡುವವರಿಗೆ ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಹಿತಕರ. ಆದರೆ ರಂಜಾನ್ ಮಾಸವು ಅದರೊಳಗೆ ಬಿದ್ದರೆ, ಅದರಲ್ಲಿಯೂ ಕಡೆಯ ಹತ್ತು ದಿನಗಳಲ್ಲಿ, ಜನಸಂದಣಿ ವಿಪರೀತ. ಪುಣ್ಯವನ್ನು ಬಯಸಿ ಆ ದಿನಗಳನ್ನೇ ಆರಿಸುವವರು ಮುದುಕರನ್ನೂ ಮಕ್ಕಳನ್ನೂ ಕರೆದೊಯ್ಯುವ ಮುನ್ನ ಯೋಚಿಸಬೇಕು. ಚಳಿಗಾಲದಲ್ಲಿ ಒಮ್ಮೊಮ್ಮೆ ಬಿರುಮಳೆ ಬಂದು ಕಣಿವೆಯಲ್ಲಿ ಪ್ರವಾಹವಾಗುವುದೂ ಉಂಟು. 1941ರಲ್ಲಿ ಕಾಬಾದ ಸುತ್ತಲೂ ನೀರು ನಿಂತು, ಕೆಲವರು ಈಜಿಯೇ ಪ್ರದಕ್ಷಿಣೆ ಮಾಡಿದರು. ಮದೀನಕ್ಕೂ ಹೋಗುವವರು ಜೊತೆಗೊಂದು ಕಂಬಳಿಯನ್ನಿಟ್ಟುಕೊಳ್ಳಲಿ. ಅದು ಎತ್ತರದ ಊರಾದುದರಿಂದ ಅಲ್ಲಿನ ಇರುಳು ಹೆಚ್ಚು ತಂಪು.

ಹಜ್ಜಿಗೆ ಹೋಗುವವರು ಯಾವ ಋತುವಾದರೂ ಬಿಸಿಲಿನಲ್ಲಿ ಕೊಡೆ ಹಿಡಿಯಬೇಕು. ಇಹ್ರಾಮ್ ಧರಿಸಿದ ಗಂಡಸರು ತಲೆಗೆ ಬಟ್ಟೆ ಸುತ್ತುವಂತಿಲ್ಲ; ಕೊಡೆಗೆ ಅಡ್ಡಿಯಿಲ್ಲ. ಬಾಯಾರುವುದಕ್ಕೆ ಮೊದಲೇ ನೀರು ಕುಡಿಯಬೇಕು. ಇನ್ನೊಂದು ಮಾತು: ಮಕ್ಕಳ ಮದುವೆಯೆಲ್ಲ ಮುಗಿಯಲೆಂದು ಹಜ್ಜನ್ನು ಮುಪ್ಪಿಗೆ ಕಾದಿರಿಸುವುದು ಅನೇಕರ ವಾಡಿಕೆ. ಋತುವು ಮುಂದೆ ಅನುಕೂಲವಾಗುವುದು ನಿಜ. ಆದರೆ ಅದು ತಂಪಾಗುವಷ್ಟರಲ್ಲಿ ನಮ್ಮ ಕಾಲುಗಳು ಸೋತಿರಬಹುದು. ಅನುಕೂಲವುಳ್ಳವರು ಪಂಚಾಂಗದೊಡನೆ ತಮ್ಮ ವಯಸ್ಸನ್ನೂ ಎಣಿಸಿ ನೋಡುವುದು ಉಚಿತ.