ಗೂಡು ಬಿಡದ ಹೇಂಟೆ

ನಗರದ ಮನೆಯ ಹಿತ್ತಲಿನಲ್ಲಿ ನಾಲ್ಕಾರು ನಾಟಿ ಕೋಳಿಗಳನ್ನು ಸಾಕಿಕೊಂಡಿರುವ ಕುಟುಂಬಗಳಿಗೆ ಒಂದಲ್ಲ ಒಂದು ದಿನ ಎದುರಾಗುವ ಸಮಸ್ಯೆಯಿದು. ನಿನ್ನೆಯವರೆಗೆ ಅಂಗಳವೆಲ್ಲ ಕೆದಕುತ್ತ, ಕರೆದೊಡನೆ ಓಡಿಬಂದು ನುಚ್ಚಕ್ಕಿ ಹೆಕ್ಕುತ್ತಿದ್ದ ಹೇಂಟೆ ಇಂದು ಬುಟ್ಟಿಯಲ್ಲಿ ಕುಳಿತದ್ದು ಏಳುವುದಿಲ್ಲ. ಸಮೀಪಿಸಿದರೆ ಗರಿಗಳನ್ನೆಲ್ಲ ಕೆದರಿ ಗುರುಗುಟ್ಟುತ್ತದೆ. ಕೈ ಚಾಚಿದರೆ ಕುಕ್ಕುತ್ತದೆ. ಎತ್ತಿ ಅಂಗಳಕ್ಕೆ ಬಿಟ್ಟರೆ ಕ್ಷಣಕಾಲ ಮಂಕಾಗಿ ಕುಳಿತಿದ್ದು, ಮರಳಿ ಬುಟ್ಟಿಗೇ ಧಾವಿಸುತ್ತದೆ. ಅದಕ್ಕೆ ರೋಗ ಬಂದಿತೆಂದು ಮಕ್ಕಳು ಮುಖ ಸಣ್ಣಗೆ ಮಾಡಿಕೊಳ್ಳುತ್ತಾರೆ. ಹಟಮಾರಿ ಕೋಳಿಯೆಂದು ದೊಡ್ಡವರು ಗದರುತ್ತಾರೆ. ಎರಡೂ ನಿಜವಲ್ಲ. ಹೇಂಟೆ ಕಾವಿಗೆ ಕುಳಿತಿದೆ, ಅಷ್ಟೆ.

ಈ ಬದಲಾವಣೆ ಅದರ ಇಚ್ಛೆಯಿಂದಾದುದಲ್ಲ. ನಾಟಿ ಹೇಂಟೆ ಒಂದು ಸರದಿಯಲ್ಲಿ ಹತ್ತು ಹದಿನೈದು ಮೊಟ್ಟೆಗಳನ್ನಿಟ್ಟ ಮೇಲೆ, ಮೆದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿಯಿಂದ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹೆಚ್ಚಾಗಿ ಸ್ರವಿಸತೊಡಗುತ್ತದೆ. ಅಮೆರಿಕದ ಪ್ರಾಣಿಶಾಸ್ತ್ರಜ್ಞ ಆಸ್ಕರ್ ರಿಡಲ್ ಮತ್ತು ಸಂಗಡಿಗರು ಈ ದ್ರವ್ಯವನ್ನು ಹೇಂಟೆಗಳಿಗೆ ಚುಚ್ಚಿ, ಅದರಿಂದ ಅವು ಕಾವಿಗೆ ಕೂಡುವುದನ್ನು ೧೯೩೫ರಲ್ಲಿಯೇ ಪ್ರಕಟಪಡಿಸಿದರು. ಹಾರ್ಮೋನಿನ ಪ್ರಭಾವದಿಂದ ಮೊಟ್ಟೆಯಿಡುವುದು ನಿಲ್ಲುತ್ತದೆ, ಹಸಿವು ಕುಗ್ಗುತ್ತದೆ, ಎದೆಯ ಕೆಳಗಿನ ಗರಿಗಳು ಉದುರಿ ಬರಿಯ ಚರ್ಮ ಬಿಸಿಯೇರುತ್ತದೆ. ಮೊಟ್ಟೆಗೆ ತಾಯಿಯ ಮೈಶಾಖ ನೇರವಾಗಿ ತಾಗಬೇಕೆಂದು ಪ್ರಕೃತಿ ಮಾಡಿಕೊಟ್ಟಿರುವ ಏರ್ಪಾಡಿದು.

ಮುಗಿವಿಲ್ಲದ ತಪಸ್ಸು

ಮೊಟ್ಟೆ ಮರಿಯಾಗಲು ೨೧ ದಿನಗಳು ಬೇಕೆಂಬುದು ಎಲ್ಲರಿಗೂ ತಿಳಿದ ಮಾತು. ಆದರೆ ಹೇಂಟೆ ದಿನಗಳನ್ನು ಎಣಿಸುವುದಿಲ್ಲವೆಂಬುದನ್ನು ಅನೇಕರು ಗಮನಿಸಿರುವುದಿಲ್ಲ. ಅದರ ತಪಸ್ಸನ್ನು ಮುಗಿಸುವುದು ಲೆಕ್ಕವಲ್ಲ, ಮರಿಗಳ ಸ್ಪರ್ಶ ಮತ್ತು ದನಿ. ಹುಂಜವಿಲ್ಲದ ಮನೆಯಲ್ಲಿ ಮೊಟ್ಟೆಗಳು ಎಂದಿಗೂ ಮರಿಯಾಗುವುದಿಲ್ಲ. ಅಂಥಲ್ಲಿ ಅದು ಬರಿದಾದ ಬುಟ್ಟಿಯ ಮೇಲೆ, ಕೆಲವೊಮ್ಮೆ ದುಂಡನೆಯ ಕಲ್ಲಿನ ಮೇಲೆ, ಐದಾರು ವಾರಗಳವರೆಗೂ ಕುಳಿತುಬಿಡಬಹುದು. ದಿನಕ್ಕೊಮ್ಮೆ ಕಾಲು ಗಂಟೆಯಷ್ಟು ಹೊತ್ತು ಮಾತ್ರ ಎದ್ದು, ನಾಲ್ಕು ಕಾಳು ತಿಂದು, ನೀರು ಕುಡಿದು, ಮತ್ತೆ ಹೋಗಿ ಕೂಡುವ ಹಕ್ಕಿಯ ಮೈ ದಿನದಿನಕ್ಕೆ ಕರಗುತ್ತದೆ. ಮಣ್ಣಿನಲ್ಲಿ ಹೊರಳಾಡದ ಕಾರಣ ಹೇನು, ನುಸಿಗಳು ಮುತ್ತಿ ರಕ್ತ ಹೀರುತ್ತವೆ. ಬೇಸಿಗೆಯಾದರೆ ಗಾಳಿಯಾಡದ ಗೂಡಿನಲ್ಲಿ ಪ್ರಾಣಕ್ಕೇ ಅಪಾಯ. "ತಾನಾಗಿಯೇ ಏಳಲಿ ಬಿಡಿ" ಎಂದು ಸುಮ್ಮನಿರುವುದು ದಯೆಯಂತೆ ಕಂಡರೂ ದಯೆಯಲ್ಲ. ಮರಿ ಮಾಡಿಸಬೇಕೆ, ಕಾವು ಬಿಡಿಸಬೇಕೆ ಎಂಬುದನ್ನು ಮನೆಯವರು ಮೊದಲ ಎರಡು ಮೂರು ದಿನಗಳಲ್ಲೇ ನಿಶ್ಚಯಿಸಬೇಕು.

ಅದಕ್ಕೆ ಮುನ್ನ ಇದು ಕಾವೇ, ಕಾಯಿಲೆಯೇ ಎಂಬುದನ್ನು ಗುರುತಿಸಿಕೊಳ್ಳಬೇಕು. ಕಾವಿನ ಹೇಂಟೆಯ ಕಣ್ಣು ಚುರುಕಾಗಿರುತ್ತದೆ, ಕೆಣಕಿದರೆ ಸಿಟ್ಟಾಗುತ್ತದೆ, ಎದ್ದಾಗ 'ಕ್ಲುಕ್ ಕ್ಲುಕ್' ಎಂದು ಸದ್ದು ಮಾಡುತ್ತ ನಡೆಯುತ್ತದೆ, ಹಿಕ್ಕೆ ಒಮ್ಮೆಗೇ ದೊಡ್ಡದಾಗಿ ಬೀಳುತ್ತದೆ. ಇದಕ್ಕೆ ಬದಲಾಗಿ ಕಣ್ಣು ಮುಚ್ಚಿ ತೂಕಡಿಸುತ್ತಿದ್ದರೆ, ರೆಕ್ಕೆ ಜೋಲುಬಿಟ್ಟಿದ್ದರೆ, ಉಸಿರಾಟ ಕಷ್ಟವಾಗಿದ್ದರೆ, ಅಥವಾ ಬಾಲ ಮೇಲೆ ಕೆಳಗೆ ಆಡಿಸುತ್ತ ಮುಕ್ಕುತ್ತಿದ್ದರೆ, ಅದು ರೋಗದ ಇಲ್ಲವೆ ಹೊಟ್ಟೆಯೊಳಗೆ ಮೊಟ್ಟೆ ಸಿಕ್ಕಿಕೊಂಡಿರುವುದರ ಲಕ್ಷಣ. ತಡಮಾಡದೆ ಪಶುವೈದ್ಯರಿಗೆ ತೋರಿಸುವುದು ಕ್ಷೇಮ.

ಮರಿ ಮಾಡಿಸುವುದಾದರೆ

ಹುಂಜವಿರುವ ಮನೆಯಲ್ಲಿ ಹೇಂಟೆಯ ಬಯಕೆಯನ್ನು ಪೂರೈಸುವುದಕ್ಕಿಂತ ಸಂತೋಷದ ಕೆಲಸವಿಲ್ಲ. ಒಂದು ವಾರದೊಳಗೆ ಇಟ್ಟ, ಬಿರುಕಿಲ್ಲದ, ತಂಪಾದ ಜಾಗದಲ್ಲಿ ಕಾಪಾಡಿದ ಹತ್ತು ಹನ್ನೆರಡು ಮೊಟ್ಟೆಗಳು ಮಧ್ಯಮ ಗಾತ್ರದ ಹೇಂಟೆಗೆ ಸಾಕು. ಮತ್ತೂ ಹೆಚ್ಚಿಟ್ಟರೆ ಅಂಚಿನವು ಕಾವಿಲ್ಲದೆ ಕೆಡುತ್ತವೆ. ಮಂದ ಬೆಳಕಿನ, ಮಳೆ ಬಿಸಿಲು ತಾಕದ ಮೂಲೆಯಲ್ಲಿ ಅಗಲವಾದ ಬುಟ್ಟಿಗೆ ಒಣಹುಲ್ಲು ಹಾಸಿ, ರಾತ್ರಿಯ ಹೊತ್ತು ಎಲ್ಲ ಮೊಟ್ಟೆಗಳನ್ನೂ ಒಮ್ಮೆಗೇ ಅದರ ಕೆಳಗಿಡಬೇಕು. ಪ್ರತಿಯೊಂದರ ಮೇಲೂ ಪೆನ್ಸಿಲಿನಿಂದ ಗುರುತು ಮಾಡಿದ್ದರೆ, ಬೇರೆ ಕೋಳಿಗಳು ಬಂದಿಟ್ಟ ಹೊಸ ಮೊಟ್ಟೆಗಳನ್ನು ತೆಗೆದುಬಿಡಲು ಸುಲಭ.

ಮಿಕ್ಕ ಕೆಲಸವನ್ನು ತಾಯಿ ನೋಡಿಕೊಳ್ಳುತ್ತದೆ. ಮನುಷ್ಯನು ಯಂತ್ರದಲ್ಲಿ ಸುಮಾರು ೩೭.೫ ಡಿಗ್ರಿ ಸೆಲ್ಸಿಯಸ್ ಶಾಖವನ್ನು ಎಷ್ಟೋ ಎಚ್ಚರಿಕೆಯಿಂದ ಕಾಯ್ದುಕೊಳ್ಳಬೇಕಾಗುತ್ತದೆ; ಹೇಂಟೆ ಮೈಯನ್ನೇ ಅಳತೆಗೋಲಾಗಿಸಿಕೊಂಡು ಆ ಕೆಲಸ ಮಾಡುತ್ತದೆ. ದಿನಕ್ಕೆ ಹಲವಾರು ಬಾರಿ ಕೊಕ್ಕಿನಿಂದ ಮೊಟ್ಟೆಗಳನ್ನು ಹೊರಳಿಸಿ, ಭ್ರೂಣವು ಚಿಪ್ಪಿಗಂಟದಂತೆ ಕಾಪಾಡುತ್ತದೆ. ನಾವು ಮಾಡಬೇಕಾದುದು ಇಷ್ಟೆ: ಎಟುಕುವಷ್ಟು ದೂರದಲ್ಲಿ ಜೋಳ, ಗೋಧಿಯಂಥ ಇಡಿಕಾಳು ಮತ್ತು ಶುದ್ಧ ನೀರು, ಹೊರಳಾಡಲು ಒಣಮಣ್ಣು, ಬೂದಿ ತುಂಬಿದ ತಟ್ಟೆ. ದಿನಕ್ಕೊಮ್ಮೆಯೂ ಏಳದಿದ್ದರೆ ಮೆಲ್ಲನೆ ಎತ್ತಿ ಹೊರಗೆ ಬಿಡಬೇಕು; ಎತ್ತುವಾಗ ರೆಕ್ಕೆಯ ಸಂದಿಯಲ್ಲಿ ಮೊಟ್ಟೆ ಸಿಕ್ಕಿಕೊಂಡಿದೆಯೇ ಎಂದು ನೋಡಿಕೊಳ್ಳಬೇಕು. ಏಳೆಂಟನೆಯ ರಾತ್ರಿ ಕತ್ತಲೆಯಲ್ಲಿ ಟಾರ್ಚಿನ ಬೆಳಕಿಗೆ ಮೊಟ್ಟೆಯನ್ನು ಹಿಡಿದರೆ, ಜೀವವಿರುವುದರಲ್ಲಿ ಜೇಡರ ಬಲೆಯಂತೆ ರಕ್ತನಾಳಗಳು ಕಾಣುತ್ತವೆ. ಮಕ್ಕಳಿಗೆ ತೋರಿಸಬೇಕಾದ ದೃಶ್ಯವಿದು.

೨೦ನೆಯ ದಿನದ ಸುಮಾರಿಗೆ ಚಿಪ್ಪಿನೊಳಗಿಂದಲೇ ಮರಿ ಸಣ್ಣಗೆ ಕೂಗುತ್ತದೆ. ತಾಯಿ ಮೆಲುದನಿಯಲ್ಲಿ ಓಗೊಡುತ್ತದೆ. ಇನ್ನೂ ಮುಖ ಕಾಣದ ತಾಯಿಮಕ್ಕಳ ಸಂಭಾಷಣೆಯಿದು! ಮರಿ ಚಿಪ್ಪೊಡೆದು ಹೊರಬರಲು ಹಲವು ಗಂಟೆಗಳು ಹಿಡಿಯುತ್ತವೆ. ಕನಿಕರಪಟ್ಟು ಚಿಪ್ಪನ್ನು ಸುಲಿಯಹೋದರೆ ರಕ್ತ ಸುರಿದು ಮರಿ ಸತ್ತೀತು. ಹುಟ್ಟಿದ ಮೊದಲ ದಿನ ಹೊಟ್ಟೆಯೊಳಗೆ ಸೇರಿದ ಹಳದಿಯೇ ಅದಕ್ಕೆ ಆಹಾರವಾದ್ದರಿಂದ, ಗಾಬರಿಯಿಂದ ತಿನ್ನಿಸುವ ಅಗತ್ಯವಿಲ್ಲ. ಆಳವಿಲ್ಲದ ತಟ್ಟೆಯಲ್ಲಿ ನೀರಿಟ್ಟರೆ ಸಾಕು. ಅನಂತರ ಕಾಗೆ, ಹದ್ದು, ಬೆಕ್ಕು, ಹೆಗ್ಗಣಗಳಿಂದ ರಕ್ಷಣೆ ಬೇಕು. ಮೊದಲ ವಾರದಲ್ಲಿ ಕೊಕ್ಕರೆ ರೋಗಕ್ಕೆ, ಎಂದರೆ ರಾಣಿಖೇತ್ ರೋಗಕ್ಕೆ, ಲಸಿಕೆಯ ಹನಿ ಹಾಕಿಸುವುದನ್ನೂ ಮರೆಯಬಾರದು. "ಕೋಳಿ ತುಳಿದರೆ ಮರಿ ಸಾಯುವುದೇ?" ಎಂಬ ಗಾದೆಯಂತೆ ತಾಯಿಯ ಕಾಲಡಿಯ ಭಯವನ್ನು ಮಾತ್ರ ಬಿಟ್ಟುಬಿಡಬಹುದು.

ಹುಂಜವಿಲ್ಲದವರಿಗೂ ದಾರಿಯುಂಟು. ಬೇರೆ ಕಡೆಯಿಂದ ತಂದ ಫಲಿತ ಮೊಟ್ಟೆಗಳನ್ನು ಇಡಬಹುದು. ಇಲ್ಲವೆ ಕೆಲವು ದಿನ ಕಾವು ಕೂತ ಹೇಂಟೆಯ ಕೆಳಗೆ, ಒಂದು ದಿನದ ಮರಿಗಳನ್ನು ತಂದು ನಡುರಾತ್ರಿಯಲ್ಲಿ ಸೇರಿಸಬಹುದು. ಬೆಳಗಾಗುವಷ್ಟರಲ್ಲಿ ಸಾಮಾನ್ಯವಾಗಿ ಅದು ಅವುಗಳನ್ನು ತನ್ನವೆಂದೇ ಒಪ್ಪಿಕೊಂಡಿರುತ್ತದೆ. ಒಪ್ಪದೆ ಕುಕ್ಕಿದರೆ ಕೂಡಲೆ ಬೇರ್ಪಡಿಸಬೇಕಾದ್ದರಿಂದ, ನಸುಕಿಗೇ ಎದ್ದು ನೋಡುವುದು ಒಳಿತು.

ಕಾವು ಬಿಡಿಸುವುದಾದರೆ

ಮರಿ ಬೇಡವಾದಲ್ಲಿ ಹಗುರವಾದ ಕೈಯಿಂದ ಕಾವು ಬಿಡಿಸಬಹುದು. ಮೊಟ್ಟೆಗಳನ್ನು ತೆಗೆದು, ಗೂಡಿನ ಬಾಗಿಲು ಮುಚ್ಚಬೇಕು. ತಳಕ್ಕೆ ತಂತಿಬಲೆಯಿರುವ ಪಂಜರವನ್ನು ನಾಲ್ಕು ಇಟ್ಟಿಗೆಗಳ ಮೇಲೆ ನೆರಳಿನಲ್ಲಿ ಎತ್ತರಿಸಿಟ್ಟು, ಹುಲ್ಲು ಹಾಸದೆ, ಹೇಂಟೆಯನ್ನು ಅದರೊಳಗೆ ಬಿಡಬೇಕು. ಬೆಳಕು, ನೀರು, ಆಹಾರ ಯಥೇಷ್ಟವಾಗಿರಲಿ. ಹೊಟ್ಟೆಯ ಕೆಳಗೆ ಗಾಳಿಯಾಡಿ ಕಾವು ನಿಲ್ಲದಿದ್ದಾಗ, ಸಾಮಾನ್ಯವಾಗಿ ಮೂರು ನಾಲ್ಕು ದಿನಗಳಲ್ಲಿ ಅದರ ಮನಸ್ಸು ತಿರುಗುತ್ತದೆ. ಹೊರಗೆ ಬಿಟ್ಟಾಗ ಗೂಡಿಗೆ ಓಡದೆ ಮಣ್ಣು ಕೆದಕಿದರೆ ಕಾವು ಬಿಟ್ಟಿತೆಂದೇ ತಿಳಿಯಬೇಕು. ಕೆಲವು ವಾರಗಳಲ್ಲಿ ಮತ್ತೆ ಮೊಟ್ಟೆಯಿಡತೊಡಗುತ್ತದೆ.

ಕೆಲವೆಡೆ ತಣ್ಣೀರಿನಲ್ಲಿ ಅದ್ದುವುದು, ಮೂಗಿನ ಹೊಳ್ಳೆಗೆ ಗರಿ ಚುಚ್ಚುವುದು, ಹಸಿವಿಗೆ ಕೆಡಹುವುದು ಮೊದಲಾದ ಪದ್ಧತಿಗಳುಂಟು. ಮೊದಲೇ ಮೈ ಇಳಿದಿರುವ ಹಕ್ಕಿಗೆ ಇವು ಶಿಕ್ಷೆಯೇ ಹೊರತು ಚಿಕಿತ್ಸೆಯಲ್ಲ. ಅದು ಮಾಡಿರುವ ಅಪರಾಧವಾದರೂ ಏನು?

ಪೇಟೆಯ ಅಂಗಡಿಯಲ್ಲಿ ನಾವು ಕೊಳ್ಳುವ ಮೊಟ್ಟೆಗಳಲ್ಲಿ ಹೆಚ್ಚಿನವು ಕಾವಿನ ಗುಣವನ್ನೇ ಕಳೆದುಕೊಂಡ ಕೋಳಿಗಳವು. ವರ್ಷಕ್ಕೆ ಮುನ್ನೂರರಷ್ಟು ಮೊಟ್ಟೆಯಿಡಲೆಂದು ತಲೆಮಾರುಗಳ ಕಾಲ ಆಯ್ದು ಬೆಳೆಸಿದ ಆ ತಳಿಗಳ ಮರಿಗಳಿಗೆ ಯಂತ್ರವೇ ತಾಯಿ. ನಾಟಿ ಹೇಂಟೆ ಇಡುವ ಮೊಟ್ಟೆ ಕಡಿಮೆ. ಆದರೆ ಮೊಟ್ಟೆಯನ್ನು ಮರಿಯಾಗಿಸುವ ವಿದ್ಯೆಯನ್ನು ಅದು ಮರೆತಿಲ್ಲ. ಅದಕ್ಕೆ ತಿಳಿಯದುದು ಒಂದೇ, ಯಾವಾಗ ಏಳಬೇಕೆಂಬುದು. ಅದನ್ನು ಮರಿಗಳ ದನಿ ತಿಳಿಸಬೇಕು, ಇಲ್ಲವೆ ಸಾಕಿದವರ ಕೈ ತಿಳಿಸಬೇಕು.